ಕುಂಟದೆ ಕುಂಟಿದ ಕುದುರೆ

ಕಾಫಿ, ಅಡಿಕೆ, ಕಾಳುಮೆಣಸಿನ ವಿಚಾರಗಳಿಗೆ ಮೀಸಲಾದ ನಮ್ಮ ಸಂಘದ ಪತ್ರಿಕೆಯಲ್ಲಿ ಕುದುರೆಯ ಮಾತೇಕೆ ಎಂದು ಸದಸ್ಯ ಮಿತ್ರರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಸಂಘದ ಕಚೇರಿಗೆ ಬರುವವರಲ್ಲಿ ಹಲವರು ಸಾಲದ ಕಂತು, ಗೊಬ್ಬರದ ದಾಸ್ತಾನು ಎಲ್ಲ ವಿಚಾರಿಸಿಕೊಂಡು, ಏಳುವ ಹೊತ್ತಿಗೆ "ಕಾರ್ಯದರ್ಶಿಗಳೇ, ನಿಮ್ಮ ಕುದುರೆಯ ಕಾಲು ಹೇಗಿದೆ?" ಎಂದು ಕೇಳದೆ ಹೋಗುವುದಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲೆನ್ನಿಸಿತು. ಕೊಟ್ಟಿಗೆಯಲ್ಲಿ ಹಸು, ಎತ್ತು ಇರುವವರಿಗೂ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬಂದೀತು.

ನಮ್ಮದು ದೊಡ್ಡ ಎಸ್ಟೇಟಲ್ಲ. ಹದಿನೆಂಟು ಎಕರೆ ಕಾಫಿ, ಕೆಳಗಿನ ಹಳ್ಳದ ಬದಿಗೆ ಒಂದಿಷ್ಟು ಅಡಿಕೆ. ನನ್ನ ತಾತನ ಕಾಲದಲ್ಲಿ ರಸ್ತೆಯಿರಲಿಲ್ಲವಾಗಿ ಅವರು ಸಂತೆಗೂ ತಾಲ್ಲೂಕು ಕಚೇರಿಗೂ ತಟ್ಟುವಿನ ಮೇಲೆಯೇ ಹೋಗುತ್ತಿದ್ದರು. ಆ ನೆನಪಿನ ಹಂಗಿಗೋ, ಮಂಡಿನೋವಿನಿಂದ ಏರು ಹತ್ತಲಾರದ ಕಾರಣಕ್ಕೋ, ನಾನು 2019ರಲ್ಲಿ ಪಂದ್ಯದಿಂದ ನಿವೃತ್ತಿಯಾದ ಏಳು ವರ್ಷದ ಒಂದು ಹೆಣ್ಣು ಕುದುರೆಯನ್ನು ಕೊಂಡು ತಂದೆ. ಪಂದ್ಯದ ದಿನಗಳಲ್ಲಿ ಅವಳಿಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಮನೆಯಲ್ಲಿ ಗಂಗೆ ಎಂದಾಯಿತು. ಬೆಳಿಗ್ಗೆ ಆರೂವರೆಗೆ ಜೀನು ಬಿಗಿದರೆ ಎಂಟರೊಳಗೆ ಇಡೀ ತೋಟ ಸುತ್ತಿ ಬರಬಹುದಾಗಿತ್ತು. ಮನೆಯವಳು ಇದನ್ನು ಶೋಕಿ ಎನ್ನುತ್ತಿದ್ದಳು. ನಾನು ಅಲ್ಲವೆಂದು ವಾದಿಸಲು ಹೋಗಲಿಲ್ಲ.

ತೊಂದರೆ ಶುರುವಾದದ್ದು 2022ರ ಮಳೆಗಾಲ ಕಳೆದ ಮೇಲೆ. ಕಣದಿಂದ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಅವಳು ನೇರವಾಗಿ ಇಳಿಯದೆ ಸೊಂಟವನ್ನು ಒಂದು ಕಡೆಗೆ ತಿರುಚಿ ಇಳಿಯತೊಡಗಿದಳು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುತ್ತಿದ್ದಳು. ಎಡಕ್ಕೆ ತಿರುಗಿ ಓಡು ಎಂದರೆ ಓಡುತ್ತಿರಲಿಲ್ಲ. ಬಾಲ ಬೀಸುತ್ತ ನಿಂತುಬಿಡುತ್ತಿದ್ದಳು. ಕುಂಟು ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಹಿಡಿದು ಓಡಿಸಿದರೆ ನಾಲ್ಕೂ ಕಾಲು ಸಮನಾಗಿ ಬೀಳುತ್ತಿದ್ದುವು. ನಾನು ಇದನ್ನು ಮೈಗಳ್ಳತನವೆಂದು ತೀರ್ಮಾನಿಸಿದೆ. ಎರಡು ಬಾರಿ ಬೆತ್ತವನ್ನೂ ಬಳಸಿದೆ. ಈಗ ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಊರಿನಲ್ಲಿ ಸಲಹೆಗೆ ಬರವೇ? ಒಬ್ಬರು ಬಿಸಿ ಹರಳೆಣ್ಣೆ ತಿಕ್ಕಿಸಿ ಎಂದರು. ಒಬ್ಬರು ದೃಷ್ಟಿ ಎಂದರು. ಇನ್ನೊಬ್ಬರು ಸೊಂಟದ ಮೇಲೆ ಬರೆ ಹಾಕಿಸಿದರೆ ಎಂಟೇ ದಿನದಲ್ಲಿ ಸರಿಹೋಗುತ್ತದೆಂದು ಆಣೆಯಿಟ್ಟು ಹೇಳಿದರು. ಪುಣ್ಯಕ್ಕೆ ಬರೆ ಹಾಕಿಸಲಿಲ್ಲ. ಬರೆ ಹಾಕಿದ ಮೇಲೆ ಪ್ರಾಣಿಯನ್ನು ಕೆಲವು ವಾರ ಕೆಲಸಕ್ಕೆ ಹಚ್ಚದೆ ಬಿಡುತ್ತಾರಲ್ಲ, ಅಷ್ಟು ಮಟ್ಟಿಗೆ ಗುಣ ಕಾಣುವುದು ಆ ವಿಶ್ರಾಂತಿಯಿಂದಲೇ ಹೊರತು ಸುಟ್ಟ ಗಾಯದಿಂದಲ್ಲ.

ನಾನು ಮೊದಲು ತಪ್ಪು ಹೊರಿಸಿದ್ದು ಲಾಳ ಕಟ್ಟುವ ಸಾಬರ ಮೇಲೆ. ಅವರು ಆರು ವಾರಕ್ಕೊಮ್ಮೆ ದೂರದ ಊರಿನಿಂದ ಬಸ್ಸಿನಲ್ಲಿ ಬಂದು ಲಾಳ ಬದಲಿಸಿ ಹೋಗುವವರು. "ಮೊಳೆ ಜೀವಕ್ಕೆ ತಾಗಿಸಿದ್ದೀರಿ ಸಾಬರೇ" ಎಂದು ಆಳುಗಳ ಎದುರಿಗೇ ಹೇಳಿಬಿಟ್ಟೆ. ಅವರು ಹಿಂಗಾಲಿನ ಗೊರಸನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಬಡಿದು ನೋಡಿ, "ಗೊರಸಿನಲ್ಲಿ ಬಿಸಿಯಿಲ್ಲ ಸ್ವಾಮಿ, ಮೊಳೆ ತಾಗಿದ್ದರೆ ಒಂದೆರಡು ದಿನದಲ್ಲೇ ಕಾಲು ಊರುತ್ತಿರಲಿಲ್ಲ. ಇವಳು ಗೊರಸಿನ ಮೂತಿ ಎಳೆದು ನಡೆಯುತ್ತಿದ್ದಾಳೆ, ಮೇಲೆ ಎಲ್ಲೋ ನೋವಿದೆ" ಎಂದರು. ನಾನು ಕಿವಿಗೊಡಲಿಲ್ಲ. ಮುಂದಿನ ಬಾರಿ ಬೇರೆಯವರನ್ನು ಕರೆಸಿದೆ.

ಹಿಂಗಾಲಿನ ನೋವು ಪತ್ತೆಯಾಗುವುದು ಏಕೆ ಕಷ್ಟ ಎಂಬುದನ್ನು ನಮ್ಮ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನೆನೆಸಿಕೊಳ್ಳಿ. ಎಲೆ ಹಳದಿಯಾಗಿ ಬಾಡುವುದು ಮೇಲೆ. ಹುಳು ಇರುವುದು ಕೆಳಗೆ, ಕಾಂಡದೊಳಗೆ. ಎಲೆಗೆ ಔಷಧಿ ಹೊಡೆದು ಏನು ಬಂತು? ತೊಗಟೆಯ ಮೇಲೆ ಎದ್ದ ಏಣುಗಳನ್ನು ಬೆರಳಿನಿಂದ ತಡವಿ ಹುಡುಕಬೇಕು. ಕುದುರೆಯ ಹಿಂಗಾಲಿನಲ್ಲಿಯೂ ಹಾಗೆಯೇ. ಗೊರಸು, ಅದರ ಮೇಲಿನ ಗೆಣ್ಣು, ಹಿಂದಕ್ಕೆ ಚಾಚಿ ನಿಲ್ಲುವ ಹಾಕ್ ಎಂಬ ಕೀಲು (ಅದು ನಮ್ಮ ಹಿಮ್ಮಡಿಯ ಕೀಲಿಗೆ ಸಮ), ಹೊಟ್ಟೆಯ ಪಕ್ಕದ ಮಂಡಿ, ಸೊಂಟ, ಬೆನ್ನು, ಇವುಗಳಲ್ಲಿ ಎಲ್ಲಿ ನೋವಿದ್ದರೂ ಅದು ಮೇಲೆ, ಪೃಷ್ಠದ ಏರಿಳಿತದಲ್ಲಿ ಕಾಣಿಸುತ್ತದೆ. ಆದ್ದರಿಂದ ನೋಡಿದವರೆಲ್ಲ ಸೊಂಟ ಹಿಡಿದಿದೆ ಎನ್ನುತ್ತಾರೆ. ಜೊತೆಗೆ ಕುದುರೆಯ ಹಿಂಗಾಲಿನ ರಚನೆಯೇ ಒಂದು ತೊಡಕು. ಮಂಡಿ ಮಡಿಸಿದರೆ ಹಾಕ್ ತಾನಾಗಿ ಮಡಿಯುತ್ತದೆ, ಒಂದನ್ನು ಬಿಟ್ಟು ಒಂದನ್ನು ಮಡಿಸಲು ಬರುವುದಿಲ್ಲ. ಕಾಲನ್ನು ಒಂದು ನಿಮಿಷಕ್ಕೂ ಮೇಲ್ಪಟ್ಟು ಮಡಿಸಿ ಹಿಡಿದು, ಬಿಟ್ಟೊಡನೆ ಓಡಿಸಿ ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ಕುಂಟು ಹೆಚ್ಚಿದರೂ ಯಾವ ಕೀಲಿನದೆಂದು ಖಚಿತವಾಗದು.

ಇಲ್ಲಿ ಇನ್ನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಪಶು ಆಸ್ಪತ್ರೆಯ ವೈದ್ಯರು ಬರುತ್ತೇನೆಂದು ಹೇಳಿದ ಹಿಂದಿನ ಸಂಜೆ, ಪಾಪ ನರಳುತ್ತಿದೆ ಎಂದುಕೊಂಡು ಪರಿಚಯದವರು ಕೊಟ್ಟ ನೋವಿನ ಚುಚ್ಚುಮದ್ದನ್ನು ಹಾಕಿಸಿದೆ. ಮರುದಿನ ವೈದ್ಯರ ಮುಂದೆ ಗಂಗೆ ಮದುಮಗಳಂತೆ ಹೆಜ್ಜೆ ಹಾಕಿದಳು. ಅವರು ಎಷ್ಟು ನೋಡಿದರೂ ಏನೂ ಸಿಗಲಿಲ್ಲ. ಚುಚ್ಚುಮದ್ದಿನ ಸಂಗತಿಯನ್ನು ನಾನು ಕಾಫಿ ಕುಡಿಯುವಾಗ ಬಾಯಿಬಿಟ್ಟಾಗ ಅವರು ಲೋಟವನ್ನು ಕೆಳಗಿಟ್ಟು, "ಯಜಮಾನರೇ, ನನ್ನ ಒಂದು ದಿನ ಹೋಯಿತು, ಇರಲಿ. ನಿಮ್ಮ ಕುದುರೆಯದೂ ಹೋಯಿತಲ್ಲ" ಎಂದರು. ಪರೀಕ್ಷೆಗೆ ಮುಂಚೆ ನೋವಿನ ಔಷಧಿ ಕೂಡದು. ವೈದ್ಯರೇ ಕೆಲವು ದಿನ ಕೊಟ್ಟು ನೋಡುವುದುಂಟು. ಕೊಟ್ಟಾಗ ನಡಿಗೆ ಸುಧಾರಿಸಿದರೆ ಅದು ನೋವಿನ ಕುಂಟೆಂದು ತಿಳಿಯುತ್ತದೆ. ಅದು ಅವರ ಲೆಕ್ಕ, ನಮ್ಮದಲ್ಲ. ಮನುಷ್ಯರಿಗೆ ತಂದು ಉಳಿದ ಮಾತ್ರೆಗಳನ್ನು ದನಕ್ಕೆ ಕುದುರೆಗೆ ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಡೈಕ್ಲೋಫೆನಾಕನ್ನು ಪಶುಗಳಿಗೆ ಬಳಸುವುದು 2006ರಿಂದಲೇ ನಿಷಿದ್ಧ. ಅದು ಸೇರಿದ ಹೆಣ ತಿಂದ ರಣಹದ್ದುಗಳು ಸಾಯುತ್ತವೆಂಬುದೇ ಕಾರಣ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ಆ ಸಾಲಿಗೆ ಸೇರಿದುವು.

ಮುಂದಿನ ಭೇಟಿಯಲ್ಲಿ ವೈದ್ಯರು ಕೇಳಿದ ಪ್ರಶ್ನೆ ನನಗೆ ಹೊಸದಾಗಿತ್ತು. "ಇದು ನೋವೋ, ನಿಶ್ಶಕ್ತಿಯೋ?" ನೋವಿರುವ ಪ್ರಾಣಿ ಪ್ರತಿ ಹೆಜ್ಜೆಯಲ್ಲೂ ಒಂದೇ ರೀತಿ ತಪ್ಪುತ್ತದೆ. ನರ ಕೆಟ್ಟ ಪ್ರಾಣಿಯ ತಪ್ಪು ಹೆಜ್ಜೆಯಿಂದ ಹೆಜ್ಜೆಗೆ ಬೇರೆ. ಒಮ್ಮೆ ಕಾಲು ಹೊರಕ್ಕೆ ಬೀಳುತ್ತದೆ, ಒಮ್ಮೆ ಒಂದರ ಮೇಲೊಂದು ತುಳಿಯುತ್ತದೆ, ಸಣ್ಣ ಸುತ್ತು ತಿರುಗಿಸಿದರೆ ಹಿಂಭಾಗ ಕುಡಿದವನಂತೆ ತೂರಾಡುತ್ತದೆ. ನಡೆಯುತ್ತಿರುವಾಗ ಬಾಲವನ್ನು ಪಕ್ಕಕ್ಕೆಳೆದರೆ ಆರೋಗ್ಯವಂತ ಕುದುರೆ ಎದುರು ಎಳೆಯುತ್ತದೆ. ನಿಶ್ಶಕ್ತವಾದದ್ದು ಎಳೆದ ಕಡೆಗೆ ಬರುತ್ತದೆ. ಈ ಬಾಲದ ಪರೀಕ್ಷೆಯನ್ನು ವೈದ್ಯರೇ ಮಾಡಲಿ. ಒದೆ ತಿನ್ನುವುದಕ್ಕೆ ಅದಕ್ಕಿಂತ ಸುಲಭದ ದಾರಿಯಿಲ್ಲ.

ಈ ವಿಂಗಡಣೆ ನಮ್ಮ ದೇಶದಲ್ಲಿ ಬಹಳ ಮುಖ್ಯ. ಕುದುರೆಯ ಹಿಂಭಾಗವನ್ನು ಸೋಲಿಸುವ ಎರಡು ರೋಗಗಳು ಇಲ್ಲಿವೆ. ಒಂದು ಸರ್ರಾ. ರಕ್ತ ಹೀರುವ ದೊಡ್ಡ ನೊಣಗಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುವ ಸೂಕ್ಷ್ಮಜೀವಿಯಿಂದ ಬರುವಂಥದು. ಬಿಟ್ಟು ಬಿಟ್ಟು ಜ್ವರ, ಮೇವು ತಿಂದರೂ ಸೊರಗುವುದು, ಹೊಟ್ಟೆಯ ಕೆಳಗೆ ಮತ್ತು ಕಾಲುಗಳಲ್ಲಿ ಬಾವು, ಕಡೆಗೆ ಹಿಂಗಾಲು ತೂರಾಡುವುದು. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡಿದಾಗ ಜೀವಿ ಸಿಗದಿದ್ದರೂ ರೋಗವಿಲ್ಲವೆಂದು ಹೇಳುವಂತಿಲ್ಲ. ರಸಿಕೆಯ ಪರೀಕ್ಷೆ ಬೇಕು. ಹರಿಯಾಣದ ಹಿಸಾರ್‌ನಲ್ಲಿ 1985ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ಇಂಥ ಪರೀಕ್ಷೆಗಳ ವ್ಯವಸ್ಥೆಯಿದೆ. ಎರಡನೆಯದಕ್ಕೆ ಕುಮ್ರಿ ಎಂದು ಹೆಸರು. ನಮ್ಮ ಮಲೆನಾಡಿನ ಕುಮರಿ ಬೇಸಾಯಕ್ಕೂ ಇದಕ್ಕೂ ಸಂಬಂಧವಿಲ್ಲ, ಹಿಂದಿಯ 'ಕಮರ್' ಎಂದರೆ ಸೊಂಟ, ಅದರಿಂದ ಬಂದದ್ದು. ದನಗಳ ಹೊಟ್ಟೆಯೊಳಗೆ ಸೆಟೇರಿಯಾ ಎಂಬ ದಾರದಂಥ ಬಿಳಿಯ ಹುಳು ಹೆಚ್ಚು ಉಪದ್ರವ ಕೊಡದೆ ವಾಸವಾಗಿರುತ್ತದೆ. ಸೊಳ್ಳೆ ಅದರ ಮರಿಗಳನ್ನು ಕುದುರೆಗೋ ಆಡು ಕುರಿಗೋ ದಾಟಿಸಿದಾಗ ಅವು ದಾರಿ ತಪ್ಪಿ ಬೆನ್ನುಹುರಿಯನ್ನು ಹೊಕ್ಕು ಹಿಂಗಾಲುಗಳನ್ನು ಕೆಡಿಸುತ್ತವೆ. ಕೆಲವೊಮ್ಮೆ ಕಣ್ಣಿನೊಳಗೆ ಸೇರಿ, ಬಿಳಿಯ ಎಳೆ ಹೊರಳಾಡುವುದು ಬರಿಗಣ್ಣಿಗೇ ಕಾಣುತ್ತದೆ. ಕುದುರೆಯನ್ನು ದನದ ಕೊಟ್ಟಿಗೆಯ ಮಗ್ಗುಲಲ್ಲೇ ಕಟ್ಟುವ ನಮ್ಮಂಥವರು ಇದನ್ನು ತಿಳಿದಿರಬೇಕು. ನಮ್ಮ ಲಾಯಕ್ಕೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದು ತಟ್ಟಿ ಮಾತ್ರ. ಇದೇ ಜಾಗದಲ್ಲಿ ಇನ್ನೊಂದು ಮಾತು: ಕಾಲಿನುದ್ದಕ್ಕೂ ಹುರಿಯಂತೆ ಬಾತು, ಅಲ್ಲಲ್ಲಿ ಗಂಟೆದ್ದು ಒಡೆದು ಸೋರಿದರೆ ಮುಟ್ಟದೆ ಸರ್ಕಾರಿ ವೈದ್ಯರಿಗೆ ತಿಳಿಸಿ. ಅದು ಗ್ಲಾಂಡರ್ಸ್ ಇರಬಹುದು, ಮನುಷ್ಯರಿಗೂ ಅಂಟುತ್ತದೆ.

ಗಂಗೆಯ ರಕ್ತದಲ್ಲಿ ಏನೂ ಸಿಗಲಿಲ್ಲ, ತೂರಾಟವೂ ಇರಲಿಲ್ಲ. ಹಾಗಾದರೆ ನೋವು. ಎಲ್ಲಿ?

ಮಂಡಿಚಿಪ್ಪು ಸಿಕ್ಕಿಕೊಳ್ಳುವುದೇ ಎಂದು ನೋಡಿದರು. ಇದು ದನ ಸಾಕುವವರಿಗೆಲ್ಲ ಪರಿಚಿತ. ಹಸುವೋ ಎತ್ತೋ ಎದ್ದು ನಾಲ್ಕು ಹೆಜ್ಜೆ ನಡೆಯುವಾಗ ಹಿಂಗಾಲು ಹಿಂದಕ್ಕೆ ಸೆಟೆದು ನಿಂತು, ಗೊರಸಿನ ಮೂತಿ ನೆಲ ಗೀರಿ, ಆಮೇಲೆ ಝಾಡಿಸಿದಂತೆ ಮುಂದೆ ಬರುತ್ತದೆ. ಮಂಡಿಚಿಪ್ಪು ತೊಡೆಯೆಲುಬಿನ ಏಣಿನ ಮೇಲೆ ಕುಳಿತು ಕೆಳಗಿಳಿಯದಿರುವುದೇ ಕಾರಣ. ದನದಲ್ಲಿ ಒಳಬದಿಯ ಕಟ್ಟುನಾರನ್ನು ಚಿಕ್ಕ ಗಾಯದಿಂದ ಕತ್ತರಿಸುತ್ತಾರೆ. ಶಸ್ತ್ರಕ್ರಿಯೆ ಮುಗಿದ ಗಳಿಗೆಯಲ್ಲೇ ಪ್ರಾಣಿ ಸರಿಯಾಗಿ ನಡೆಯುತ್ತದೆ. ಇಂಥ ಎತ್ತನ್ನು ವಾತವೆಂದು ವರ್ಷಗಟ್ಟಲೆ ಕಟ್ಟಿಹಾಕಿ ಕಡೆಗೆ ಅಗ್ಗಕ್ಕೆ ಮಾರಿದವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಕುದುರೆಯಲ್ಲಿ ಮಾತ್ರ ಕತ್ತರಿಗೆ ಅವಸರಿಸುವುದಿಲ್ಲ. ಆಮೇಲೆ ಚಿಪ್ಪಿನ ಅಂಚು ಚೂರಾಗುವ ಭಯವಿದೆ. ಮೊದಲು ವ್ಯಾಯಾಮದಿಂದ ತೊಡೆಯ ಮಾಂಸವನ್ನು ಬಲಪಡಿಸಿ ನೋಡುತ್ತಾರೆ. ಗಂಗೆಗೆ ಇದೂ ಇರಲಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಮಾತು ಬೇರೆಯೇ ಆಗಿತ್ತು. ಮದುವೆ ಮೆರವಣಿಗೆಗೆಂದು ಕುದುರೆ ಹುಡುಕುತ್ತಿದ್ದ ಒಬ್ಬರು ಬಂದು ನೋಡಿ, ಓಡಿಸಿ, ಬೆಲೆ ಹೇಳಿಹೋಗಿದ್ದರು. ಕುಂಟು ಕಾಣುತ್ತಿರಲಿಲ್ಲವಲ್ಲ! ಮಗ ಕೊಟ್ಟುಬಿಡಿ ಅಪ್ಪ ಎಂದ. ಅವನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಕೆಲಸಕ್ಕೆ ಬಾರದ ಕುದುರೆಗೆ ಹುಲ್ಲು, ಹುರುಳಿ, ಒಬ್ಬ ಆಳು. ನಾನು ಎರಡು ರಾತ್ರಿ ಯೋಚಿಸಿದೆ. ಹೇಳದೆ ಮಾರಿದರೆ ಕೊಂಡವರಿಗೆ ಮೋಸ, ಟಾರು ರಸ್ತೆಯ ಮೇಲೆ ಬ್ಯಾಂಡಿನ ಸದ್ದಿನ ನಡುವೆ ಕುಣಿಯಬೇಕಾದ ಅವಳಿಗೆ ಅದಕ್ಕಿಂತ ದೊಡ್ಡ ಮೋಸ. ಹೇಳಿ ಮಾರೋಣವೆಂದರೆ, ಏನೆಂದು ಹೇಳುವುದು? ನನಗೇ ಗೊತ್ತಿರಲಿಲ್ಲ. ಕುದುರೆಗಳನ್ನೇ ನೋಡುವ ವೈದ್ಯರೊಬ್ಬರನ್ನು ಬೆಂಗಳೂರಿನಿಂದ ಕರೆಸಿದೆ. ಅವರ ಒಟ್ಟು ಖರ್ಚು ನಮ್ಮ ಅಡಿಕೆಗೆ ಒಂದು ವರ್ಷ ಬೋರ್ಡೋ ದ್ರಾವಣ ಹೊಡೆಸುವ ಖರ್ಚಿಗೆ ಹೆಚ್ಚುಕಡಮೆ ಸಮನಾಯಿತು.

ಆ ದಿನ, ಅಂದರೆ 2023ರ ಏಪ್ರಿಲ್ ತಿಂಗಳಲ್ಲಿ, ನಾನು ಕಂಡದ್ದನ್ನು ಮರೆಯಲಾರೆ. ಮೊದಲು ಅವರು ಕುದುರೆಯ ಹಿಂದೆ ಸುಮ್ಮನೆ ನಿಂತು ನೋಡಿದರು. ಎಡ ಪೃಷ್ಠದ ಮಾಂಸ ಬಲಕ್ಕಿಂತ ಕೊಂಚ ಇಳಿದಿರುವುದನ್ನು ತೋರಿಸಿದರು. ದಿನವೂ ನೋಡುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಸೊಂಟದ ಎರಡೂ ಮೂಳೆಗಳ ಮೇಲೆ ಬಿಳಿಯ ಪಟ್ಟಿ ಅಂಟಿಸಿ ಹಿಂದಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ನಿಧಾನವಾಗಿ ಓಡಿಸಿದರೆ, ನೋಯುವ ಕಡೆಯ ಪಟ್ಟಿ ಹೆಚ್ಚು ಏರಿ ಇಳಿಯುತ್ತದೆ; ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಗಂಗೆಯ ಪಟ್ಟಿಗಳು ಹೆಚ್ಚುಕಡಮೆ ಸಮನಾಗಿದ್ದುವು. ಬಳಿಕ ಮರಗಟ್ಟಿಸುವ ಚುಚ್ಚುಮದ್ದನ್ನು ಎಡಗಾಲಿಗೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮಜಲಾಗಿ ಕೊಡುತ್ತ ಬಂದರು. ನೋವಿನ ಜಾಗ ಮರಗಟ್ಟಿದಾಗ ನಡಿಗೆ ಬದಲಾಗಬೇಕು, ಅದೇ ತರ್ಕ. ಗೊರಸು ಮರಗಟ್ಟಿತು, ಬದಲಾವಣೆಯಿಲ್ಲ. ಗೆಣ್ಣು, ಇಲ್ಲ. ಹಾಕ್ ಕೀಲಿನ ಸ್ವಲ್ಪ ಕೆಳಗೆ, ಕಾಲಿನ ಹಿಂಬದಿಗೆ ಕೊಟ್ಟು ಹತ್ತು ನಿಮಿಷ ಕಾದು ಕುಕ್ಕುಲೋಟದಲ್ಲಿ ಓಡಿಸಿದರು. ಗಂಗೆ ಬಲಗಾಲಿನಲ್ಲಿ ಕುಂಟತೊಡಗಿದಳು! ಆಳು ಲಗಾಮು ಹಿಡಿದುಕೊಂಡೇ ಬಾಯಿ ತೆರೆದು ನಿಂತ.

"ಎರಡು ಕಾಲೂ ನೋಯುತ್ತಿದ್ದುವು," ಎಂದರು ವೈದ್ಯರು. "ತಕ್ಕಡಿಯ ಎರಡು ಕಡೆಗೂ ಭಾರವಿದ್ದರೆ ಮುಳ್ಳು ನಡುವೆಯೇ ನಿಲ್ಲುತ್ತದೆ. ಈಗ ಒಂದು ಕಡೆ ಇಳಿಸಿದೆವು." ಬಲಗಾಲಿಗೂ ಅದೇ ಜಾಗದಲ್ಲಿ ಕೊಟ್ಟ ಮೇಲೆ ಅವಳು ಅಂಗಳದ ಉದ್ದಕ್ಕೂ ಹಾಕಿದ ಹೆಜ್ಜೆಯನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ.

ಗೊರಸಿನ ಮೇಲಿನ ಗೆಣ್ಣನ್ನು ಜೋಲಿಯಂತೆ ಹೊತ್ತು ಹಿಡಿದಿರುವ ಒಂದು ಗಟ್ಟಿ ಕಟ್ಟುನಾರಿದೆ. ಅದು ಹಾಕ್ ಕೀಲಿನ ಕೆಳಗೆ, ನಳಿಕೆಯೆಲುಬಿನ ಹಿಂಬದಿಯಲ್ಲಿ ಹುಟ್ಟುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದರ ಬುಡ ಎರಡು ಕಾಲಿನಲ್ಲಿಯೂ ದಪ್ಪವಾಗಿತ್ತು. ಹಿಂಗಾಲಿನಲ್ಲಿ ಈ ಬುಡ ಎಲುಬು ಮತ್ತು ದಪ್ಪ ಪೊರೆಯ ನಡುವೆ ಇಕ್ಕಟ್ಟಿನಲ್ಲಿರುವುದರಿಂದ, ಬಾತಾಗ ಹಿಗ್ಗಲು ಜಾಗವಿಲ್ಲದೆ ಪಕ್ಕದ ನರವನ್ನು ಒತ್ತುತ್ತದೆ. ಹೊರಗೆ ಬಿಸಿಯೂ ಇಲ್ಲ, ಬಾವೂ ಇಲ್ಲ. ಎಕ್ಸ್-ರೇಯಲ್ಲಿ ಹಾಕ್ ಕೀಲಿನ ಕೆಳ ಅಂಚಿನಲ್ಲಿ ಕೊಂಚ ಸವೆತವೂ ಕಂಡಿತು. ಅಲ್ಲಿಗೆ ಕೊಟ್ಟ ಮದ್ದು ಪಕ್ಕದ ಕೀಲಿಗೂ ಹರಡುವುದುಂಟು, ಆದ್ದರಿಂದ ನೋವಿನಲ್ಲಿ ಕಟ್ಟುನಾರಿನ ಪಾಲೆಷ್ಟು, ಕೀಲಿನ ಪಾಲೆಷ್ಟು ಎಂದು ತೂಗಿ ಹೇಳಲಾರೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹೆಚ್ಚಿತು.

ಊಟಕ್ಕೆ ಕುಳಿತಾಗ ಅವರು ಇನ್ನೊಂದು ಸಂಗತಿ ತಿಳಿಸಿದರು. ಇಂಗ್ಲೆಂಡಿನ ಕುದುರೆ ವೈದ್ಯೆ ಸ್ಯೂ ಡೈಸನ್ ಮತ್ತು ಅವರ ಸಂಗಡಿಗರು 2018ರಲ್ಲಿ, ಸವಾರಿಯ ಕಾಲದಲ್ಲಿ ಕುದುರೆ ತೋರುವ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದಾರೆ. ಕಿವಿ ಹಿಂದಕ್ಕೆ ಮಾಡುವುದು, ಬಾಲ ಬೀಸುವುದು, ಗೊರಸಿನ ಮೂತಿ ಎಳೆಯುವುದು, ಮುಂದೆ ಹೋಗಲೊಲ್ಲದಿರುವುದು ಮುಂತಾದವು. ಎಂಟು ಅಥವಾ ಅದಕ್ಕೆ ಮೇಲ್ಪಟ್ಟು ಕಂಡರೆ ಎಲ್ಲಿಯೋ ನೋವಿರುವ ಸಂಭವ ಹೆಚ್ಚು. ನಾನು ಬೆರಳು ಮಡಿಸುತ್ತ ನೆನಪು ಮಾಡಿಕೊಂಡೆ. ಒಂಬತ್ತಕ್ಕೆ ನಿಲ್ಲಿಸಿದೆ. ಅಷ್ಟನ್ನೂ ಸೇರಿಸಿಯೇ ನಾನು ಮೈಗಳ್ಳತನ ಎಂದಿದ್ದೆ.

ಹಿಂಗಾಲಿನ ಈ ನೋವು ಬರಿಯ ವಿಶ್ರಾಂತಿಯಿಂದ ವಾಸಿಯಾಗುವುದು ಮುಂಗಾಲಿನದಕ್ಕಿಂತ ಬಹಳ ಅಪರೂಪ. ನರವನ್ನು ಕತ್ತರಿಸಿ ಪೊರೆಯನ್ನು ಸಡಿಲಿಸುವ ಶಸ್ತ್ರಕ್ರಿಯೆ ಇದೆ. ಅದಕ್ಕೆ ದೂರದ ಆಸ್ಪತ್ರೆಗೆ ಲಾರಿಯಲ್ಲಿ ಸಾಗಿಸಬೇಕು. ಅವಳ ವಯಸ್ಸಿಗೂ ನನ್ನ ಕೈಗೂ ಅದು ಬೇಡವೆನ್ನಿಸಿತು. ಯಂತ್ರದಿಂದ ಆಘಾತದ ಅಲೆಗಳನ್ನು ಹಾಯಿಸುವ ಚಿಕಿತ್ಸೆಯನ್ನು ಎರಡೆರಡು ವಾರಕ್ಕೊಮ್ಮೆ ಮೂರು ಬಾರಿ ಮಾಡಿಸಿದೆವು. ಉಳಿದದ್ದು ನಮ್ಮ ಕೈಯ ಕೆಲಸ. ಆರು ತಿಂಗಳು ಜೀನು ಇಲ್ಲ. ಮೊದಲು ದಿನಕ್ಕೆ ಹತ್ತು ನಿಮಿಷ ಗಟ್ಟಿ ಸಮನೆಲದ ಮೇಲೆ ಕೈಹಿಡಿದು ನಡೆಸುವುದು, ವಾರವಾರಕ್ಕೆ ಐದು ನಿಮಿಷ ಹೆಚ್ಚಿಸುವುದು. ಸಣ್ಣ ಸುತ್ತು, ಕೆಸರು, ಕಡಿದಾದ ಇಳಿಜಾರು ಕೂಡದು. ಮಲೆನಾಡಿನ ಮಳೆಗಾಲದಲ್ಲಿ ಕೆಸರಿಲ್ಲದ ನೆಲವೆಲ್ಲಿ? ಕಾಫಿ ಒಣಗಿಸುವ ಸಿಮೆಂಟು ಕಣವೇ ಗತಿಯಾಯಿತು. ಛತ್ರಿ ಹಿಡಿದು ಕುದುರೆಯೊಡನೆ ಕಣ ಸುತ್ತುವ ನನ್ನನ್ನು ನೋಡಿ ನಕ್ಕವರು ಈ ಸಾಲುಗಳನ್ನು ಓದುತ್ತಿರಬಹುದು. ಕೆಲಸವಿಲ್ಲದ ಕಾರಣ ಹುರುಳಿ ಇಳಿಸಿ ಒಣಹುಲ್ಲು ಹೆಚ್ಚಿಸಿದೆವು, ಮೈ ಬಂದರೆ ಕಾಲಿಗೆ ಭಾರ. ಲಾಯವನ್ನು ಕೊಟ್ಟಿಗೆಯಿಂದ ದೂರಕ್ಕೆ ಸಾಗಿಸಿ ಸೊಳ್ಳೆಪರದೆ ಕಟ್ಟಿಸಿದೆ.

ಮತ್ತು ಸಾಬರ ಮನೆಗೆ ನಾನೇ ಹೋದೆ. ಗೊರಸಿನ ಮೂತಿ ಗಿಡ್ಡ ಮಾಡಿ ಹಿಮ್ಮಡಿಗೆ ಆಸರೆ ಕೊಡುವ ಲಾಳ ಕಟ್ಟಬೇಕೆಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿ ಕೈಯಲ್ಲಿತ್ತು. ಅವರು ಕುಳಿತುಕೊಳ್ಳಿ ಸ್ವಾಮಿ ಎಂದು, ಒಳಗಿನಿಂದ ತಂತಿಯಲ್ಲಿ ಪೋಣಿಸಿದ ಹಳೆಯ ಲಾಳಗಳ ಒಂದು ಗೊಂಚಲು ತಂದರು. ಗಂಗೆಯವು. ಬದಲಿಸಿದಾಗಲೆಲ್ಲ ಹಳೆಯದನ್ನು ಎತ್ತಿಟ್ಟುಕೊಳ್ಳುವುದು ಅವರ ಪದ್ಧತಿಯಂತೆ. ಹಿಂಗಾಲಿನವನ್ನು ನೆಲದ ಮೇಲೆ ಸಾಲಾಗಿ ಹರಡಿ ತೋರಿಸಿದರು. 2022ರ ಬೇಸಿಗೆಯ ಜೊತೆ ಸಮನಾಗಿ ಸವೆದಿತ್ತು. ಮುಂದಿನದರ ಮೂತಿ ಸ್ವಲ್ಪ ತೆಳುವಾಗಿತ್ತು. ಅದರ ಮುಂದಿನವು ಎರಡು ಕಾಲಿನವೂ ಮೂತಿಯಲ್ಲಿ ಕತ್ತಿಯ ಅಲಗಿನಷ್ಟೇ ಉಳಿದಿದ್ದುವು. ನಾನು ಜೀನಿನ ಮೇಲೆ ಕುಳಿತು ಏನೂ ತಿಳಿಯದೆ ಇದ್ದ ತಿಂಗಳುಗಳು ಅಲ್ಲಿ ಒಂದರ ಪಕ್ಕ ಒಂದಾಗಿ ಬಿದ್ದಿದ್ದುವು. ತಪ್ಪಾಯಿತು ಸಾಬರೇ ಎಂದೆ. ಅವರು ಲಾಳದ ಅಳತೆಯ ಮಾತೆತ್ತಿದರು.

ಈಗ ಗಂಗೆ ತೋಟವೆಲ್ಲ ಸುತ್ತುವ ಕುದುರೆಯಲ್ಲ. ವಾರಕ್ಕೆ ಮೂರು ದಿನ, ಮೇಲಿನ ಸಮನಾದ ರಸ್ತೆಯಲ್ಲಿ ಅರ್ಧ ಗಂಟೆಯ ನಡಿಗೆಗೆ ನನ್ನನ್ನು ಹೊರುತ್ತಾಳೆ. ಹಳ್ಳದ ಕಡೆಗೆ ನಾನು ಕೋಲೂರಿಕೊಂಡು ನಡೆದೇ ಹೋಗುತ್ತೇನೆ. ಪ್ರತಿದಿನದ ನಡಿಗೆ, ಲಾಳದ ಸವೆತ, ಜೀನು ಬಿಗಿಯುವಾಗಿನ ಕಿವಿ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಬಿಟ್ಟಿಲ್ಲ. ಕಳೆದ ವಾರದ ಲಾಳ ಬದಲಿಸುವ ದಿನ ಸಾಬರು ಹಳೆಯದನ್ನು ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಎಡದ ಮೂತಿ ಕೊಂಚ ತೆಳುವು, ಬಲದ್ದು ಸಮ. ಅದನ್ನೂ ಬರೆದುಕೊಂಡಿದ್ದೇನೆ.